ನೀಲಗಂಗವ್ವನ ಕೌದಿಗೆ ಕತ್ತರಿ ಹಾಕುವ ಮುನ್ನ

ಇಳಕಲ್ಲು
ಎರಡನೆಯ ಬೇಸಿಗೆ, ಮೂವತ್ತೇಳನೆಯ ತಾರೀಖು, ಇಸವಿ ೨೧೫೨

ಅಪೇಕ್ಷಾ ಅಜ್ಜಿಗೆ,

ನಿಮ್ಮ ಮೊಮ್ಮಗಳ ಮೊಮ್ಮಗಳು ಚಿನ್ಮಯಿ ಮಾಡುವ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ತಿಂಗಳು ಮೂವತ್ತೊಂದಕ್ಕೆ ಮುಗಿಯುತ್ತಿತ್ತಂತೆ. ನಮ್ಮಲ್ಲಿ ಬಿಸಿಲು ಇಳಿಯುವವರೆಗೆ ತಿಂಗಳು ಮುಗಿಯುವುದಿಲ್ಲ, ಆದ್ದರಿಂದ ಮೂವತ್ತೇಳು ಬರುತ್ತದೆ, ನಲವತ್ತೂ ಬರುತ್ತದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ನೀವೂ ಹಾಗೇ ಓದಿದವರು ಎಂದು ಬಲ್ಲೆ. ಫೋನಿನಲ್ಲಿ ಕನ್ನಡವನ್ನು ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದೀರಿ, ಅದನ್ನು ಬಿಡಿಸಿ ಓದಲು ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಈ ಕಾಗದ ನಿಮ್ಮ ಕೈ ಸೇರುವಾಗ ನಿಮಗೆ ಇಪ್ಪತ್ತಾರು, ನನಗೆ ಇಪ್ಪತ್ತೇಳು. ವಯಸ್ಸಿನಲ್ಲಿ ನಾನೇ ಹಿರಿಯಳು. ಹಾಗಾಗಿ ಬೈಯುವ ಹಕ್ಕೂ ನನಗೆ ಸ್ವಲ್ಪ ಇದೆ.

ಮೊದಲು ಸಂತೋಷದ ಸುದ್ದಿ. ನನಗೆ ಮದುವೆಯಾಗಿದೆ. ಈ ಉದ್ದನೆಯ ತಿಂಗಳಲ್ಲೇ ಆದದ್ದು, ತಿಂಗಳು ಇನ್ನೂ ಮುಗಿದಿಲ್ಲ. ಹುಡುಗನ ಹೆಸರು ಕಲ್ಲೇಶ. ಊರಿನ ನೀರುಮನೆಯಲ್ಲಿ ಕೆಲಸ. ಯಾವ ಓಣಿಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುತ್ತಾನೆ. ನಮ್ಮ ಓಣಿಗೆ ಒಂದು ಹನಿಯೂ ಹೆಚ್ಚು ಬಿಡುವುದಿಲ್ಲ, ನನ್ನ ಮೇಲೆ ಅಷ್ಟೊಂದು ಪ್ರೀತಿ ಇಟ್ಟುಕೊಂಡು ಕೂಡ. ಊಟ ಮಾಡುವಾಗ ಮೂಗಿನಲ್ಲೇ ಹಾಡುತ್ತಾನೆ. ಅವನ ಕಿವಿ ಎಷ್ಟು ಚೆಂದ ಎಂದು ಬರೆಯಲು ಕೂತರೆ ಕಾಗದ ಅಲ್ಲಿಗೇ ಮುಗಿದುಹೋಗುತ್ತದೆ, ಅದಕ್ಕೆ ಬಿಡುತ್ತೇನೆ.

ನಮಗೊಂದು ಮನೆಯೂ ಸಿಕ್ಕಿದೆ. ಇಲ್ಲಿನ ಎಲ್ಲ ಮನೆಗಳಂತೆ ಅರ್ಧ ನೆಲದೊಳಗೆ, ಅರ್ಧ ಮೇಲೆ. ಒಳಗೆ ಎರಡು ಕೋಣೆ, ಒಂದು ಒಲೆ, ಗಾಳಿ ಎಳೆಯುವ ಒಂದು ಮಣ್ಣಿನ ಕೊಳವೆ. ಪಡುವಣ ದಿಕ್ಕಿನ ಗೋಡೆಯನ್ನು ನಾವು ಸುಡುಗೋಡೆ ಎನ್ನುತ್ತೇವೆ. ಮಧ್ಯಾಹ್ನದ ಮೇಲೆ ಅದರ ಹತ್ತಿರ ಯಾರೂ ಕೂರಲಾರರು. ಆ ಗೋಡೆಗೆ ಈ ತುದಿಯಿಂದ ಆ ತುದಿಯವರೆಗೆ ಕೌದಿ ಹೊದಿಸುತ್ತೇವೆ. ಹೌದು, ನೀವು ಕಂಡ ಅದೇ ಕೌದಿ: ಹಳೆಯ ಸೀರೆ, ಧೋತರ, ಲಂಗಗಳನ್ನು ಒಂದರ ಮೇಲೊಂದು ಹಾಸಿ, ಸಣ್ಣ ಹೊಲಿಗೆಯಲ್ಲಿ ಸಾಲುಸಾಲಾಗಿ ಹೊಲಿದದ್ದು. ನಿಮ್ಮ ಕಾಲದಲ್ಲಿ ಅದು ಹಾಸಿಗೆಗಾದರೆ ನಮ್ಮ ಕಾಲದಲ್ಲಿ ಗೋಡೆಗೆ. ಹೊಸ ಬಟ್ಟೆ ಈಗ ವರ್ಷಕ್ಕೊಮ್ಮೆ ಅಳೆದು ಕೊಡುವ ವಸ್ತು. ಆದ್ದರಿಂದ ಪ್ರತಿ ಮನೆಯ ಗೋಡೆಯಲ್ಲೂ ಆ ಮನೆಯವರು ಉಟ್ಟುಬಿಟ್ಟ ಬಟ್ಟೆಯೇ ಇರುತ್ತದೆ. ಪಕ್ಕದ ಮನೆಯ ಗೋಡೆಯಂಥ ಗೋಡೆ ನನಗೆ ಬೇಕು ಎಂದು ಯಾರೂ ಕೇಳುವುದಿಲ್ಲ. ಪಕ್ಕದ ಮನೆಯವರ ಸೀರೆಯನ್ನು ನೀವು ಹೇಗೆ ಉಟ್ಟು ಹಳೆಯದು ಮಾಡಿರಲು ಸಾಧ್ಯ?

ಕೌದಿಯ ನಡುಮಧ್ಯದಲ್ಲಿ ಒಂದು ಚೌಕವಿರುತ್ತದೆ. ಅದಕ್ಕೆ ಕೌದಿಯ ಹೊಟ್ಟೆ ಎಂದು ಹೆಸರು. ಕೊನೆಯ ಸಾಲು ಹೊಲಿಯುವ ಮುಂಚೆ ಆ ಚೌಕದ ಕೆಳಗೆ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು ಮುಚ್ಚುತ್ತಾರೆ. ಹೊದ್ದವರು ಹಸಿದಿರಬಾರದು ಎಂದು. ಆ ಚೌಕದ ಬಟ್ಟೆ ಮಾತ್ರ ಹೊಸ ಕೌದಿಗೂ ಹಳೆಯದೇ ಆಗಬೇಕು. ಮನೆಯಲ್ಲಿ ಮದುವೆಯಾದಾಗ ಹಿರಿಯಳು ತನ್ನ ಕೌದಿಯ ಹೊಟ್ಟೆಯನ್ನು ಬಿಚ್ಚಿ ಮದುವಣಗಿತ್ತಿಯ ಕೌದಿಗೆ ಕೂಡಿಸುತ್ತಾಳೆ. ಹೀಗೆ ಅದು ಕೈಯಿಂದ ಕೈಗೆ ಬರುತ್ತದೆ. ಹೊಟ್ಟೆಯಿಲ್ಲದ ಕೌದಿ ಹೊದಿಸಿದ ಹೊಸ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಗಂಡಹೆಂಡತಿ ಮಲಗುವಂತಿಲ್ಲ. ಇದು ನಮ್ಮ ಓಣಿಯ ಕಟ್ಟಳೆ.

ನಮ್ಮ ಕೌದಿಯನ್ನು ನನ್ನ ಅತ್ತೆ ದಾನವ್ವ ಹೊಲಿದರು. ನಿಮ್ಮ ಕಾಲದಲ್ಲಿ ಹೊಟ್ಟೆಯನ್ನೂ ಅತ್ತೆಯೇ ಕೊಡುತ್ತಿದ್ದರಂತೆ, ಈಗ ಅಂಚು ಅವರ ಮನೆಯದು, ಹೊಟ್ಟೆ ನನ್ನ ತವರಿನದು ಆಗಬೇಕು. ಎಲ್ಲ ಸಾಲು ಮುಗಿಸಿ, ಸೂಜಿ ಸೆರಗಿಗೆ ಸಿಕ್ಕಿಸಿಕೊಂಡು ಕೈ ಚಾಚಿದರು. "ನಿನ್ನ ತವರಿನ ಹೊಟ್ಟಿ ಎಲ್ಲೈತಿ ತಾರವಾ," ಎಂದರು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ನೆಲ ನೋಡಿದಳು. ನಮ್ಮ ಮನೆಯಲ್ಲಿ ಅದು ಇಲ್ಲ, ಅಮ್ಮನ ತಾಯಿಯ ಕಾಲಕ್ಕೂ ಇರಲಿಲ್ಲ. ತಮ್ಮ ತಮ್ಮ ಮದುವೆಯಲ್ಲಿ ಇಬ್ಬರೂ ಒಂದೊಂದು ವರ್ಷ ಅತ್ತೆಯ ಪಡಸಾಲೆಯಲ್ಲಿ ಕಾದವರೇ. ಕಲ್ಲೇಶ ಪಾಪ ತನ್ನ ಹೊಸ ಅಂಗಿಯನ್ನೇ ಕತ್ತರಿಸಿ ಕೊಡಲು ಹೋದ. ದಾನವ್ವ ಅವನ ಕೈ ಸರಿಸಿದರು.

"ಬ್ಯಾರೆ ಅರಿವಿ ಹಚ್ಚಿದರ ಅದು ಹೊಟ್ಟಿ ಆಗೂದಿಲ್ಲಪಾ, ತ್ಯಾಪಿ ಆಗತೈತಿ. ತ್ಯಾಪಿ ಹಚ್ಚಿದ ಮನ್ಯಾಗ ನೀವಿಬ್ಬರೂ ಹ್ಯಾಂಗ ಮಲಗತೀರಿ?"

ಹೊಟ್ಟೆ ಇಲ್ಲದವಳು ಒಂದು ವರ್ಷ ಅತ್ತೆಯ ಮನೆಯಲ್ಲೇ ಇದ್ದು, ಅತ್ತೆ ಉಟ್ಟ ಸೀರೆ ಹಳೆಯದಾಗುವವರೆಗೆ ಕಾದು, ಅದರಿಂದ ತನ್ನ ಕಾಲಕ್ಕಷ್ಟೇ ಒಂದು ಹೊಟ್ಟೆ ಮಾಡಿಸಿಕೊಳ್ಳಬೇಕು. ಮಗಳಿಗೆ ಕೊಡಲು ಅದು ಬರುವುದಿಲ್ಲ. ಅಂದರೆ ಮುಂದಿನ ಬೇಸಿಗೆಯವರೆಗೆ ನಾನೂ ಕಲ್ಲೇಶನೂ ಪಡಸಾಲೆಯಲ್ಲಿ, ಒಂದು ಪರದೆಯ ಈಚೆಗೆ. ಪರದೆಯ ಆಚೆಗೆ ನನ್ನ ಮೈದುನ ಗೊರಕೆ ಹೊಡೆಯುತ್ತಾನೆ. ಗೊರಕೆ ನಿಂತರೆ ಇನ್ನೂ ಕಷ್ಟ, ಎಚ್ಚರವಾಗಿದ್ದಾನೆ ಎಂದರ್ಥ. ಅಜ್ಜಿ, ನೀವೂ ಹೊಸದಾಗಿ ಮದುವೆಯಾದವರು. ಹೆಚ್ಚು ಹೇಳುವುದಿಲ್ಲ.

ಇನ್ನು ನಿಮ್ಮ ವಿಷಯ. ಇಲ್ಲಿ ಪರದೆಗೋದಾಮು ಎಂಬುದೊಂದಿದೆ. ನಿಮ್ಮ ಫೋನುಗಳಲ್ಲಿ ಇದ್ದದ್ದನ್ನೆಲ್ಲ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದಾರೆ. ಯಂತ್ರಗಳಿಗಾಗಿ ಅದನ್ನು ತಂಪಾಗಿ ಇಟ್ಟಿರುವುದರಿಂದ, ಹೊಸ ಜೋಡಿಗಳೆಲ್ಲ ಮಧ್ಯಾಹ್ನ ಅಲ್ಲಿಗೇ ಹೋಗಿ ಕೂರುತ್ತೇವೆ, ಕೈ ಕೈ ಹಿಡಿದು ನಿಮ್ಮನ್ನು ನೋಡಿ ನಗುತ್ತೇವೆ. ಅಲ್ಲೇ, ನಿಮ್ಮ ಹೆಸರು ಹುಡುಕುವಾಗ, ನನಗೆ 'ಚೆಂದದ ಮನೆ ಬಳಗ' ಸಿಕ್ಕಿತು. ನೀವು ದಿನಕ್ಕೆ ಹತ್ತು ಸಲ ಇಣುಕುತ್ತಿದ್ದ ಗುಂಪು. ಲಕ್ಷಗಟ್ಟಲೆ ಹೆಂಗಸರು, ಸಾಕಷ್ಟು ಗಂಡಸರು, ಒಬ್ಬರ ಮನೆಯನ್ನು ಒಬ್ಬರಿಗೆ ತೋರಿಸುತ್ತ ಸ್ಫೂರ್ತಿ ಪಡೆಯುತ್ತಿದ್ದಿರಂತೆ. ನಾನು ಆಸೆಯಿಂದಲೇ ನೋಡತೊಡಗಿದೆ. ನನಗೂ ಹೊಸ ಮನೆ, ಏನಾದರೂ ಹೊಳೆಯಬಹುದು ಎಂದುಕೊಂಡೆ. ಮೊದಲನೆಯದು ಬಿಳಿ ಗೋಡೆ, ಬೂದು ಸೋಫಾ, ಬಾಟಲಿಯಲ್ಲಿ ಮನಿಪ್ಲಾಂಟ್. ಎರಡನೆಯದು ಬಿಳಿ ಗೋಡೆ, ಬೂದು ಸೋಫಾ, ಬಾಟಲಿಗೆ ಸುತ್ತಿದ ಸೆಣಬಿನ ದಾರ. ಮೂರನೆಯದಕ್ಕೆ ಒಂದು ಬುದ್ಧನ ತಲೆ. ಕತ್ತಿನಿಂದ ಕೆಳಗೆ ಅವನು ಯಾರಿಗೂ ಬೇಕಿರಲಿಲ್ಲವೆಂದು ಕಾಣುತ್ತದೆ. ನಾಲ್ಕನೆಯವಳು ತನ್ನ ಮನೆಯ ಗೋಡೆಗೆ 'ಹೋಮ್' ಎಂಬ ಹಲಗೆ ಹಾಕಿದ್ದಳು, ಆಫೀಸಿನಿಂದ ಬಂದಾಗ ಬೇರೆಲ್ಲಿಗೋ ಬಂದೆನೆಂಬ ಗೊಂದಲ ಆಗದಿರಲಿ ಎಂದಿರಬೇಕು. ಅಲ್ಲಿಂದ ಮುಂದೆ ಎಷ್ಟು ದೂರ ಸರಿಸಿದರೂ ಅದೇ ಮನೆ. ಕಲ್ಲೇಶನಿಗೆ ಅನುಮಾನ ಬಂದು ಗೋದಾಮಿನವರನ್ನು ಕೇಳಿದ, ಯಂತ್ರ ಕೆಟ್ಟು ಒಂದೇ ಚಿತ್ರ ತೋರಿಸುತ್ತಿದೆಯೇ ಎಂದು. ಇಲ್ಲವಂತೆ. ಪ್ರತಿಯೊಂದರ ಕೆಳಗೂ "ಎಷ್ಟು ಡಿಫರೆಂಟ್ ಆಗಿದೆ ಡಿಯರ್" ಎಂದು ಬರೆದಿತ್ತು.

ಇಂಥವರಿಗೆ ನೀವು ಬರೆದಿರಿ. ಹುಬ್ಬಳ್ಳಿಯ ನಿಮ್ಮ ಫ್ಲಾಟಿನಿಂದ, ಮದುವೆಯಾದ ಹೊಸತರಲ್ಲಿ. ಚಿತ್ರದಲ್ಲಿ ಒಂದು ಕೌದಿ ಸೋಫಾದ ಮೇಲೆ ಹರಡಿದೆ. ಹಸಿರು, ಕಪ್ಪು, ಅರಿಶಿನ ಬಣ್ಣದ ತುಂಡುಗಳು, ನಡುವೆ ಇಳಕಲ್ ಸೀರೆಯ ಕೆಂಪು ಸೆರಗಿನ ಒಂದು ಚೌಕ. ಅದು ಹೊಟ್ಟೆಯೇ ಎಂದು ನಾನು ಕಲ್ಲೇಶನ ಕೈ ಎಳೆದು ತೋರಿಸಿದೆ. ಕೆಳಗೆ ನಿಮ್ಮ ಮಾತು: ನಮ್ಮತ್ತೆ ನೀಲಗಂಗವ್ವ ಮದುವೆಗೆ ಅಂತ ಹೊಲಿದು ಕೊಟ್ಟಿದಾರೆ, ಗ್ರೇ ಸೋಫಾಗೆ ಮ್ಯಾಚ್ ಆಗ್ತಿಲ್ಲ, ಅತ್ತೆ ಸದ್ಯ ನಮ್ಮಲ್ಲೇ ಇದಾರೆ, ಅವರಿಗೆ ಬೇಜಾರಾಗದ ಹಾಗೆ ಐಡಿಯಾ ಕೊಡಿ ಫ್ರೆಂಡ್ಸ್.

ಕೊಟ್ಟರು. ಬಾಲ್ಕನಿಗೆ ಹಾಸಿ ಎಂದರು, ಫ್ರೇಮ್ ಹಾಕಿಸಿ ಎಂದರು, ಬಿಳಿ ಬಣ್ಣದಲ್ಲಿ ಅದ್ದಿ ಎಂದವಳೂ ಇದ್ದಾಳೆ. ಅತಿ ಹೆಚ್ಚು ಹೃದಯದ ಗುರುತು ಬಿದ್ದದ್ದು ಒಬ್ಬಳ ಮಾತಿಗೆ: "ಕಟ್ ಮಾಡಿ ಕುಶನ್ ಕವರ್ ಹೊಲಿಸ್ಕೊಳ್ಳಿ ಡಿಯರ್, ಬೋಹೋ ಲುಕ್ ಬರುತ್ತೆ, ಅತ್ತೇನೂ ಖುಷಿ ಆಗ್ತಾರೆ." ಆ ಜಾತ್ರೆಯಲ್ಲಿ ಒಬ್ಬಳೇ ಒಬ್ಬಳು, ಧಾರವಾಡದ ಕಡೆಯವಳಿರಬೇಕು, ಕೇಳಿದ್ದಳು: "ಅತ್ತಿಯವರನ್ನ ಒಂದು ಮಾತು ಕೇಳಬಾರದೇನ್ರಿ?" ಅದಕ್ಕೆ ನಗುವ ಮುಖಗಳು ಬಿದ್ದವು. ಗುಂಪು ನಡೆಸುವವರು, ಇಲ್ಲಿ ಅಲಂಕಾರದ ವಿಷಯ ಮಾತ್ರ, ಮನೆ ಜಗಳ ಬೇಡ ಎಂದು ಅವಳ ಬಾಯಿ ಮುಚ್ಚಿಸಿದರು.

ಮರುದಿನದ ನಿಮ್ಮ ಚಿತ್ರವನ್ನೂ ನೋಡಿದೆ. ಕುಶನ್ ಕವರುಗಳು, ಒಂದು ಕುಂಡದ ಹೊದಿಕೆ, ಉಳಿದದ್ದು ಕಾಲೊರೆಸು. ಜೊತೆಗೆ ಅಂಗೈ ಮೇಲೆ ಒಣಗಿದ ರೊಟ್ಟಿ ಚೂರು, ಕರಗಿ ಅಂಟಿದ ಬೆಲ್ಲ. ಇದು ನಡುವೆ ಸಿಕ್ತು, ಏನಿದು ಅಂತ ಯಾರಿಗಾದರೂ ಗೊತ್ತಾ ಎಂದು ಕೇಳಿದ್ದೀರಿ. ಲಕ್ಷ ಜನಕ್ಕೂ ಗೊತ್ತಿರಲಿಲ್ಲ. ಛೀ ಇರುವೆ ಬರುತ್ತೆ ಎಂದರು. ಕೆಂಪು ತುಂಡು ಜಿಗುಟಾಗಿತ್ತು, ಅದನ್ನೂ ಸೇರಿಸಿ ಡಸ್ಟ್‌ಬಿನ್‌ಗೆ ಹಾಕಿದೆ ಎಂದು ನೀವು ಬರೆದಿರಿ. ಆ ಮಾತಿಗೂ ಹೃದಯದ ಗುರುತುಗಳು. ಚಿತ್ರದ ಒಂದು ಮೂಲೆಯಲ್ಲಿ, ತೆರೆದ ಬಾಗಿಲಿನ ಆಚೆ, ಮಂಚದ ಮೇಲೆ ಇಳಿಬಿಟ್ಟ ಎರಡು ಪಾದಗಳು ಕಾಣುತ್ತವೆ. ಗೊತ್ತಿದ್ದವರು ಅಲ್ಲಿ ಕೂತಿದ್ದರು.

ಕಲ್ಲೇಶ ಹೇಳಿದ, "ನಿಮ್ಮಜ್ಜಿ ಊರಮಂದಿನ್ನೆಲ್ಲ ಕೇಳ್ಯಾಳ ನೋಡು, ಮನ್ಯಾಗಿನವರನ್ನ ಬಿಟ್ಟು."

ನನಗೆ ನಿಮ್ಮ ಮೇಲಿರುವ ಸಿಟ್ಟಿಗಿಂತ ಆ ಗುಂಪಿನ ಮೇಲಿರುವ ತಾತ್ಸಾರ ಹೆಚ್ಚು. ಒಂದೇ ಮನೆಯನ್ನು ಲಕ್ಷ ಸಲ ಕಟ್ಟಿ ಅದಕ್ಕೆ ಅಭಿರುಚಿ ಎಂದು ಹೆಸರಿಟ್ಟುಕೊಂಡ ಜನ. ಅಷ್ಟು ಗೋಡೆಗಳಲ್ಲಿ ಯಾರ ತಾಯಿಯ ಗುರುತೂ ಇಲ್ಲ, ಯಾರ ಊರಿನ ಗುರುತೂ ಇಲ್ಲ. ಇದ್ದ ಒಂದೇ ಒಂದು ಗುರುತು ನಿಮ್ಮ ಸೋಫಾದ ಮೇಲಿತ್ತು, ಅದನ್ನು ನೋಡಿದ್ದೇ ಕತ್ತರಿ ಎಲ್ಲಿ ಎಂದರು. ಆ ಕವರುಗಳಾದರೂ ಉಳಿದವೇ? ಮುಂದಿನ ದೀಪಾವಳಿಗೆ ನಿಮ್ಮ ಸೋಫಾ ಹಸಿರಾಗಿದೆ, ಕುಶನ್ನುಗಳು ಅಂಗಡಿಯವು. ಕೆಳಗೆ ಅದೇ ಹೆಂಗಸು, ಎಷ್ಟು ಡಿಫರೆಂಟ್ ಎನ್ನುತ್ತಿದ್ದಾಳೆ.

ಈಗ ಈ ಕಾಗದದ ವಿಷಯ. ನಮ್ಮಲ್ಲಿ ಹಿಮ್ಮುಖ ಅಂಚೆ ಇದೆ. ಹಿಂದಿನ ಕಾಲಕ್ಕೆ ವಸ್ತು ಹೋಗುವುದಿಲ್ಲ, ಮಾತು ಮಾತ್ರ ಹೋಗುತ್ತದೆ. ಅದೂ ಹಿಂದೆ ಮಾತು ಇದ್ದ ಜಾಗಕ್ಕೆ ಮಾತ್ರ. ಆದ್ದರಿಂದ ನನ್ನ ಕಾಗದ ನಿಮ್ಮ ಮೊದಲ ಚಿತ್ರದ ಕೆಳಗೆ, ಆ ಗುಂಪಿನಲ್ಲೇ, ಉಳಿದವರ ಐಡಿಯಾಗಳ ಸಾಲಿನಲ್ಲಿ ನಿಲ್ಲಬೇಕಾಗಿದೆ. ಎಂಥ ಗತಿ ನೋಡಿ. ಆ ಬೋಹೋ ಹೆಂಗಸಿನ ಮೇಲೋ ಕೆಳಗೋ ಇರುತ್ತೇನೆ. ಉದ್ದವಾಯಿತೆಂದು ಸರಿಸಿಬಿಡಬೇಡಿ. ಗುಂಪು ನಡೆಸುವವರು ಅಳಿಸುವ ಮುಂಚೆ ಓದಿ.

ನೀವು ಕತ್ತರಿ ಕೆಳಗಿಡಿ. ಫೋನನ್ನೂ ಕೆಳಗಿಡಿ. ಎದ್ದು ಪಕ್ಕದ ಕೋಣೆಗೆ ಹೋಗಿ ಮಂಚದ ಮೇಲೆ ನೀಲಗಂಗವ್ವನ ಪಕ್ಕ ಕೂತು, ನಡುವಿನ ಕೆಂಪು ತುಂಡು ಯಾರದು ಎಂದು ಕೇಳಿ. ಅವರು ಒಂದು ಹೆಸರು ಹೇಳುತ್ತಾರೆ. ಆ ಹೆಸರು ನನಗೆ ಗೊತ್ತಿಲ್ಲ, ನನ್ನ ಅಮ್ಮನಿಗೂ ಗೊತ್ತಿಲ್ಲ. ನೀವು ಕೇಳಿದರೆ ಗೊತ್ತಾಗುತ್ತದೆ. ಸೋಫಾಗೆ ಹೊಂದದಿದ್ದರೆ ಬೇಡ, ಮಡಚಿ ಅಟ್ಟದ ಮೇಲಿಡಿ. ನಿಮ್ಮ ಮಗಳ ಮದುವೆಗೆ ಆ ಚೌಕವನ್ನು ಬಿಚ್ಚಿ ಕೊಡಿ. ಅಷ್ಟೇ ನನ್ನ ಬೇಡಿಕೆ.

ನೀವು ಹಾಗೆ ಮಾಡಿದರೆ ಇಲ್ಲಿ ಏನಾಗುತ್ತದೆ ಎಂದು ಯಾರೂ ಖಚಿತವಾಗಿ ಹೇಳುವುದಿಲ್ಲ. ತೂತು ತಾನೇ ತುಂಬುತ್ತದೆ, ತೂತು ಇತ್ತೆಂಬುದೇ ನಿನಗೆ ಮರೆತುಹೋಗುತ್ತದೆ ಎನ್ನುತ್ತಾನೆ ಕಲ್ಲೇಶ. ಮರೆತರೆ ಮರೆಯಲಿ. ದಾನವ್ವ ಕೌದಿಯನ್ನು ನಮ್ಮ ಖಾಲಿ ಮನೆಯ ಸುಡುಗೋಡೆಗೆ ಹಾಗೆಯೇ ತೂಗುಹಾಕಿದ್ದಾರೆ, ನಡುವೆ ಚೌಕವನ್ನು ತೆರೆದೇ ಬಿಟ್ಟು. ಅತ್ತೆಯ ಪಡಸಾಲೆಯಿಂದ ನಾನು ದಿನವೂ ಅಲ್ಲಿಗೆ ಹೋಗಿ ಆ ಚೌಕಕ್ಕೆ ಅಂಗೈ ಒತ್ತಿ ನೋಡುತ್ತೇನೆ. ಈ ಕಾಗದ ಹೋದ ಮೇಲೂ ಒತ್ತುತ್ತೇನೆ. ಬಟ್ಟೆ ಬಂದಿದ್ದರೆ ತಣ್ಣಗಿರುತ್ತದೆ, ನಿಮಗೆ ಕಾಗದ ಮುಟ್ಟಿತೆಂದು ತಿಳಿಯುತ್ತದೆ. ಇವತ್ತೂ ಒತ್ತಿ ನೋಡಿ ಬಂದು ಇದನ್ನು ಬರೆಯಲು ಕೂತೆ. ಅಂಗೈ ಇನ್ನೂ ಉರಿಯುತ್ತಿದೆ.

ನಿಮ್ಮ,
ಚಿನ್ಮಯಿ