ಕೊಂಡಿಯ ಗುರುತು

ಬ್ರೂಸ್‌ಪೇಟೆ, ಬಳ್ಳಾರಿ
ಶನಿವಾರ, 23 ಜನವರಿ 2010

ಪ್ರೀತಿಯ ಅಮ್ಮಾ,

ನಿನ್ನ ಮುಸ್ತಾಕನ ಸಲಾಮು. ಮಂಡಿನೋವು ಹೇಗಿದೆ? ಸಿರಿಗೇರಿಯ ಥಂಡಿಗೆ ಹೆಚ್ಚಾಗಿದ್ದರೆ ಎಣ್ಣೆ ಕಾಯಿಸಿ ತಿಕ್ಕಿಸಿಕೋ. ತಂಗಿ ಪರ್ವೀನ್‌ಗೆ ಹೇಳಲು ಸಂಕೋಚ ಬೇಡ, ಬಾಣಂತನಕ್ಕೆಂದು ಹೋದವಳು ಆರು ತಿಂಗಳಿಂದ ಅವಳ ಮನೆಯ ರೊಟ್ಟಿ ಬಡಿಯುತ್ತಿದ್ದೀಯ. ಕೂಸಿಗೆ ಹಲ್ಲು ಮೂಡಿತೇ? ಹೋದ ವಾರ ನಿನ್ನ ಅಳಿಯ ಅಜೀಮನ ಕೈಯಲ್ಲಿ ನಾನು ಕಳಿಸಿದ ಬೆಳ್ಳಿ ರೂಪಾಯಿಯನ್ನು ಕೂಸಿನ ಕೊರಳಿಗೆ ಕಟ್ಟಿದ್ದೇವೆ, ಇಡೀ ದಿನ ಅದನ್ನೇ ಚೀಪುತ್ತಾನೆ ಎಂದು ನಿನ್ನೆ ನಾನು ಬೂತಿನಿಂದ ಫೋನ್ ಮಾಡಿದಾಗ ನೀನು ಹೇಳಿ ನಕ್ಕೆ. ನಮ್ಮ ಮನೆಯ ಮಕ್ಕಳೆಲ್ಲ ಹಲ್ಲು ಬರುವಾಗ ಕಚ್ಚಿದ ರೂಪಾಯಿ ಅದು. ನಾನಂತೂ ಕಚ್ಚಿದ್ದಕ್ಕಿಂತ ನುಂಗಲು ನೋಡಿದ್ದೇ ಹೆಚ್ಚು ಎಂದು ನೀನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಈ ಪತ್ರವನ್ನು ಪರ್ವೀನಳ ದೊಡ್ಡ ಮಗಳು ಖುಷ್ಬೂ ನಿನಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಮಾಮನ ಹೊಲಸು ಅವಳ ಬಾಯಿಂದ ಬರಬೇಕಲ್ಲ ಎಂದು ಮೂರು ಹಾಳೆ ಹರಿದು ಹಾಕಿದೆ. ಆದರೂ ಬರೆಯದೆ ವಿಧಿಯಿಲ್ಲ.

ಅಪ್ಪ ಹೋದಮೇಲೆ ಕಲಾಯಿ ಅಂಗಡಿಯ ಗತಿ ನೀನೇ ಕಂಡಿದ್ದೀಯ. ಎಲ್ಲರ ಮನೆಗೂ ಸ್ಟೀಲು ಬಂತು, ನಮ್ಮ ಅಂಗಡಿಗೆ ಅದಿರಿನ ಲಾರಿಯ ಕೆಂಪು ಧೂಳು ಮಾತ್ರ ತಪ್ಪದೆ ಬಂತು. ಗಣಿಯಲ್ಲಿ ದುಡ್ಡು ಕಂಡವರು ಹೊಸ ಮನೆಯ ಗಾಜಿನ ಕಪಾಟಿಗೆ ಹಳೆಯ ವಸ್ತು ಹುಡುಕುತ್ತಿದ್ದರು. ಪಕ್ಕದ ಇಂಟರ್‌ನೆಟ್ ಅಂಗಡಿಯ ಅಂಜಿನಿ ಒಂದು ದಿನ ಕಂಪ್ಯೂಟರಿನಲ್ಲಿ ನಡೆಯುವ ಹರಾಜು ತೋರಿಸಿದ. ನಮ್ಮದರಂಥದ್ದೇ, ಬ್ರಿಟಿಷರ ಕಾಲದ ರಾಣಿಯ ತಲೆಯಿರುವ ರೂಪಾಯಿಗೆ ಎಲ್ಲೆಲ್ಲಿಯವರೋ ಬೆಲೆ ಏರಿಸುತ್ತಿದ್ದರು. "ನೀ ಮಾಡಿ ಕೊಡಲೇ, ಮಾರೋದು ನನಗ ಬಿಡು" ಎಂದ.

ಮಾಡಿದೆ. ನೀನು ಪೆಟ್ಟಿಗೆಯಲ್ಲಿಟ್ಟು ಹೋದ ರೂಪಾಯಿ ತೆಗೆದು, ದಾರ ಪೋಣಿಸಲು ಅಪ್ಪ ಬೆಸೆದಿದ್ದ ಕೊಂಡಿಯನ್ನು ಅರದಿಂದ ತಿಕ್ಕಿ ಹಾಕಿದೆ. ಅದರಿಂದ ಅಚ್ಚು ತೆಗೆದು, ಅಪ್ಪನದೇ ಒಲೆಯಲ್ಲಿ ತವರಕ್ಕೆ ಸೀಸ ಬೆರೆಸಿ ಎರಕ ಹೊಯ್ದು, ಮೇಲೆ ತೆಳ್ಳಗೆ ಬೆಳ್ಳಿ ಹಿಡಿಸಿ, ಹಳೆಯದಾಗಿ ಕಾಣಲೆಂದು ಮಸಿ ತಿಕ್ಕಿದೆ. ಅಪ್ಪ ಜೀವಮಾನದಲ್ಲಿ ಕಲಾಯಿಗೆ ಸೀಸ ಬೆರೆಸಿದವನಲ್ಲ. "ಬಾಯಿಗೆ ಹೋಗೋದಕ್ಕ ಸೀಸ ಮುಟ್ಟಸಬಾರ್ದಲೇ" ಎನ್ನುತ್ತಿದ್ದ. ಇದೇನು ಬಾಯಿಗೆ ಹೋಗುವುದಲ್ಲವಲ್ಲ ಎಂದುಕೊಂಡೆ. ಅಂಜಿನಿ ಮೂರು ಹೆಸರಿನಲ್ಲಿ ಮಾರಿದ.

ಒಂದು ಮಧ್ಯಾಹ್ನ ಕುರುಗೋಡಿನ ರಾಮಪ್ಪ ಮೇಷ್ಟ್ರು ಅಂಗಡಿಗೆ ಬಂದರು. ಅವರ ಮದುವೆಯ ತಪ್ಪಲೆಗಳಿಗೆ ವರ್ಷವರ್ಷವೂ ಅಪ್ಪನೇ ಕಲಾಯಿ ಹಾಕುತ್ತಿದ್ದ, ನಿನಗೆ ನೆನಪಿರಬೇಕು. ಕರವಸ್ತ್ರದ ಗಂಟು ಬಿಚ್ಚಿ ರಾಣಿಯ ತಲೆಯ ಎರಡು ರೂಪಾಯಿ ಮುಂದಿಟ್ಟರು. ಹರಾಜಿನಲ್ಲಿ ಬೇರೆ ಬೇರೆ ಹೆಸರಿನವರಿಂದ ಕೊಂಡದ್ದಂತೆ, ಆದರೆ ಎರಡರಲ್ಲೂ ರಾಣಿಯ ಕಿರೀಟದ ಮೇಲೆ ಒಂದೇ ಗಾಯ. ಅಪ್ಪನ ಕೊಂಡಿಯ ಗುರುತು, ಅಮ್ಮಾ. ನಾನು ಎಷ್ಟು ತಿಕ್ಕಿದ್ದರೂ ಅಚ್ಚಿನಲ್ಲಿ ಇಳಿದುಬಿಟ್ಟಿತ್ತು. "ಚಾಂದಸಾಬನ ಮಗ ಅದೀಯ. ನೀ ಅಸಲಿ ಅಂದ್ರ ನಾ ಮತ್ತ ಯಾರನ್ನೂ ಕೇಳಂಗಿಲ್ಲ" ಎಂದರು. ನಾನು ಒಲೆಯ ಕಡೆ ನೋಡುತ್ತ "ಅಸಲಿ ಅದಾವ್ರಿ ಸರ" ಎಂದೆ. ಅವರು ನಂಬಿ, ನೀರು ಕೇಳಿ ಕುಡಿದು, ನಿನ್ನ ಆರೋಗ್ಯ ವಿಚಾರಿಸಿಕೊಂಡು ಹೋದರು. ಮಾರಿದ್ದಕ್ಕಿಂತ ಆ ಒಂದು ಮಾತು ನನ್ನನ್ನು ಹೆಚ್ಚು ತಿನ್ನುತ್ತಿದೆ.

ದೂರು ಕೊಟ್ಟವರು ಅವರಲ್ಲ, ಹುಬ್ಬಳ್ಳಿಯ ಯಾರೋ. ಸೋಮವಾರ ಪೊಲೀಸರು ಬಂದು ನನ್ನನ್ನೂ ಅಂಜಿನಿಯನ್ನೂ ಕರೆದೊಯ್ದರು. ಅಚ್ಚು, ನಾಣ್ಯ, ಮೊಬೈಲು ಎಲ್ಲ ಅವರ ಬಳಿ ಇವೆ. ಹೇಳಿಕೆ ಕೊಡಲು ಬಂದ ಮೇಷ್ಟ್ರು ನನ್ನನ್ನು ಕಂಡು ಅದೇ ಕರವಸ್ತ್ರದಲ್ಲಿ ಕಣ್ಣು ಒರೆಸಿಕೊಂಡರು. ಗುರುವಾರ ಜಾಮೀನು ಸಿಕ್ಕಿತು. ಹೊಸದನ್ನು ಹಳೆಯದೆಂದು ನಂಬಿಸಿ ಮಾರಿದ್ದು ವಂಚನೆ, ಕಂಪ್ಯೂಟರಿನಲ್ಲಿ ಸುಳ್ಳು ಹೆಸರಿಟ್ಟುಕೊಂಡಿದ್ದಕ್ಕೆ ಈಚೆಗೆ ಬಂದ ಬೇರೊಂದು ಕಲಮು ಎಂದು ವಕೀಲರು ಬಿಡಿಸಿ ಹೇಳಿದರು. "ಹಿಂದ್ಗಡೆ ನಕಲು ಅಂತ ಒಂದ್ ಅಚ್ಚು ಹೊಡ್ದಿದ್ರ ನಿನ್ನ ಕೈಚಳಕ ಅಂತಿದ್ರು, ಈಗ ಅಪರಾಧ ಅಂತಾರ" ಎಂದರು. ಆ ಮೂರಕ್ಷರ ಹೊಡೆಯಲು ನನಗೆ ಮನಸ್ಸು ಬರಲಿಲ್ಲ.

ಮೇಷ್ಟ್ರ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ. ಅವರು ಬಾಗಿಲು ಹಾಕಿಕೊಂಡರೂ ಕೇಳುತ್ತೇನೆ. ನೀನು ಬೈದು ಒಂದು ಮಾತು ಹೇಳಿ ಕಳಿಸು, ಸುಮ್ಮನೆ ಮಾತ್ರ ಇರಬೇಡ. ಪರ್ವೀನ್‌ಗೆ ನನ್ನ ನೆನಪು ಹೇಳು, ಮಕ್ಕಳಿಗೆ ಮುತ್ತು.

ನಿನ್ನ ಮುಖ ನೋಡುವ ಧೈರ್ಯವಿಲ್ಲದ ಮಗ,
ಮುಸ್ತಾಕ್

ತಾ.ಕ.: ಈ ಪತ್ರ ಒಯ್ಯಲು ಅಜೀಮ್ ಹೊರಗೆ ಬೈಕ್ ಸ್ಟಾರ್ಟ್ ಮಾಡಿ ನಿಂತಿದ್ದಾನೆ, ಅವನಿಗೆ ಹೇಳಲು ಬಾಯಿ ಬರಲಿಲ್ಲ. ನಿನ್ನೆ ನೀನು ನಕ್ಕಾಗಲೂ ಬರಲಿಲ್ಲ. ಖುಷ್ಬೂ, ಓದುವುದು ನಿಲ್ಲಿಸಿ ಓಡಿಹೋಗು, ತಮ್ಮನ ಕೊರಳಿನ ದಾರ ಕತ್ತರಿಸಿ ಆ ರೂಪಾಯಿ ತೆಗೆ. ಅವನ ಬಾಯಿ ತೊಳೆಯಲು ಹೇಳು, ಇವತ್ತೇ ಸಿರುಗುಪ್ಪಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ. ಆಮೇಲೆ ಬಂದು ಅಜ್ಜಿಗೆ ಉಳಿದದ್ದನ್ನು ಓದು: ಅಮ್ಮಾ, ನಿನ್ನ ರೂಪಾಯಿ ಪೊಲೀಸರ ಬಳಿ ಇದೆ. ಅಚ್ಚಿಗೆ ಬೇಕೆಂದು ಅದನ್ನು ಇಟ್ಟುಕೊಂಡು, ಕೂಸಿಗೆ ನಾನು ಎರಕ ಹೊಯ್ದದ್ದನ್ನೇ ಕೊಂಡಿ ಹಚ್ಚಿ ಕಳಿಸಿದೆ.