ರುಮಾಲಿನ ನೆರಳು

ಕೊಳ್ಳೇಗಾಲ, ೧೯೫೧

ಅಪ್ಪಾ,

ಕ್ಯಾಮೆರಾ ಹೊತ್ತು ಹೊತ್ತು ಸಾಕಾಗಿದೆ. ಆದರೂ ಇದನ್ನು ಹೇಳಬೇಕು. ಇವತ್ತು ಹನೂರಿನ ಉರಿಬಿಸಿಲಲ್ಲಿ ವೃಷಭೇಂದ್ರಪ್ಪ ಎಂಬ ಹಿರಿಯರ ಫೋಟೋ ತೆಗೆದೆ. ರುಮಾಲಿನ ನೆರಳು ಕಣ್ಣು ನುಂಗುತ್ತಿತ್ತು. ರುಮಾಲು ತೆಗೆಯಿರಿ ಎಂದರೆ ನಿನ್ನಂತೆಯೇ ಹಟ: "ಬರೀ ತಲೇಲಿ ಪಟಕ್ಕೆ ಕೂತ್ಕಂಡ್ರೆ ಮೊಮ್ಮಕ್ಳು ಏನಂದಾವು?"

ಅವರ ಹೆಗಲ ಮೇಲಿನ ಬಿಳಿ ವಲ್ಲಿಯನ್ನೇ ತೊಡೆಯ ಮೇಲೆ ಹರವಿದೆ. ಅದರ ಮೇಲೆ ಬಿದ್ದ ಬಿಸಿಲು ಮುಖಕ್ಕೆ ಚಿಮ್ಮಿ ಕಣ್ಣೆರಡೂ ಬೆಳಗಿದವು. ಇಷ್ಟು ಕಲಿಯುವಷ್ಟರಲ್ಲಿ ನೀನು ಹೋಗಿ ಒಂಬತ್ತು ವರ್ಷವಾಯಿತು.

ನಿನ್ನದಿರುವುದು ಒಂದೇ ಫೋಟೋ, ನಾನು ತೆಗೆದದ್ದು. ಅವ್ವ ದಿನವೂ ಅದಕ್ಕೆ ಹೂವಿಟ್ಟು, "ನಿಮ್ಮಪ್ಪನ್ ಕಣ್ಣೇ ಕಾಣಾಕಿಲ್ವಲ್ಲ ಮಗಾ" ಎನ್ನುತ್ತಾಳೆ. ಬಿಸಿಲು ಜಾಸ್ತಿಯಿತ್ತು ಎನ್ನುತ್ತೇನೆ.

ಅವತ್ತು ನಿನ್ನ ಹೆಗಲ ಮೇಲೂ ಬಿಳಿ ವಲ್ಲಿ ಇತ್ತು. ಹಳ್ಳಿಮುಕ್ಕನ ಹಾಗೆ ಕಾಣುತ್ತೀಯ ಎಂದು ನಾನೇ ಅದನ್ನು ತೆಗೆಸಿದ್ದೆ.