ಹಿಂದಿನ ಸೀಟಿನ ಅಜ್ಜ

ಶುಕ್ರವಾರ, ಬೆಳಗ್ಗೆ

ನನ್ನ ಮುದ್ದು ಬುಗುರಿಗೆ,

ಅಪ್ಪನ ಆಶೀರ್ವಾದ. ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ, ಆ ಮಾತು ಅಲ್ಲಿಗೆ ಬಿಡು. ನೀನು ನಿಂತುಕೊಂಡು ಓದುತ್ತಿದ್ದರೆ ಮೊದಲು ಕೂತುಕೋ. ನಿನ್ನೆ ಮಧ್ಯಾಹ್ನ ನಿನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಮಫ್ಲರ್ ಸುತ್ತಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಒಬ್ಬ ಮುದುಕ ಕೂತಿದ್ದನಲ್ಲ, ಅದು ನಾನೇ ಕಣೇ! ಪಕ್ಕದಲ್ಲಿ ಮುಖದ ತುಂಬ ಶಾಲು ಹೊದ್ದು ಕೂತಿದ್ದವಳು ನಿಮ್ಮಮ್ಮ. ಆ ಸುಡುಬಿಸಿಲಿನಲ್ಲಿ ಶಾಲು ಹೊದಿಸಿದ್ದಕ್ಕೆ ಇನ್ನೂ ಬೈಯುತ್ತಿದ್ದಾಳೆ.

ಹೇಳಿ ಬಂದಿದ್ದರೆ ನೀನು ಪರೀಕ್ಷೆಗೆ ಕೂತವಳ ಹಾಗೆ ಓಡಿಸುತ್ತಿದ್ದೆ. ನನಗೆ ನೋಡಬೇಕಾಗಿದ್ದು ದಿನನಿತ್ಯ ಓಡಿಸುವ ನಿನ್ನನ್ನು. ಇಳಿಜಾರಿನ ತಿರುವಿನಲ್ಲಿ ಲಾರಿ ಎದುರಾದ ಮೇಲೆ, ಯಾರಿಗೂ ಒಂದು ಗೀರೂ ಆಗದಿದ್ದರೂ, ಅಲ್ಲಿಗೆ ಬಂದರೆ ಕೈ ನಡುಗುತ್ತದೆ ಎಂದು ನೀನು ಬರೆದಿದ್ದೆ. ಸ್ಟೇರಿಂಗ್ ಬಿಟ್ಟು ಟಿಕೆಟ್ ಕೌಂಟರಿಗೆ ಹೋಗುತ್ತೇನೋ ಇಲ್ಲವೋ ಎಂದು ಸೋಮವಾರ ಡಿಪೋ ಮ್ಯಾನೇಜರಿಗೆ ಉತ್ತರ ಕೊಡಬೇಕು, ಅಪ್ಪಾ ನೀನೊಂದು ಸಲ ನನ್ನ ಬಸ್ಸಿನಲ್ಲಿ ಕೂತು ನೋಡಿ ಹೇಳು, ನೀನು ಹೇಳಿದ್ದೇ ಕೊನೆ ಎಂದೂ ಬರೆದಿದ್ದೆ. ಅದನ್ನು ಓದಿದ ದಿನದಿಂದ ನನಗೆ ಊಟ ಸೇರಲಿಲ್ಲ. ಬೇಡ ಎಂದರೆ ನಿನ್ನ ಜೀವದಂಥ ಕೆಲಸವನ್ನು ನಾನೇ ಕಿತ್ತುಕೊಂಡ ಹಾಗೆ. ಓಡಿಸು ಎಂದು ಹೇಳಿ ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ? ಅಡಕತ್ತರಿಯಲ್ಲಿ ಸಿಕ್ಕ ಹಾಗಾಗಿತ್ತು ನನ್ನ ಪಾಡು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮಮ್ಮ ನಡುವೆ ಬಾಯಿ ಹಾಕುತ್ತಾಳೆ. ಅದಕ್ಕೇ ಬರೆದು, ಹತ್ತೂವರೆ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನಪ್ಪ ಎಂಥವನೆಂದು ನಿನಗೆ ಗೊತ್ತು. ಮೀಸೆ ಚಿಗುರುವ ಮೊದಲೇ ಡಿಪೋದಲ್ಲಿ ಬಸ್ಸು ತೊಳೆಯಲು ಸೇರಿದವನು. ಟೈರು ಕಳಚಿ, ಮೈಗೆಲ್ಲ ಗ್ರೀಸು ಮೆತ್ತಿಕೊಂಡು, ಮೆಕ್ಯಾನಿಕ್ಕನ ಬಾಯಲ್ಲಿ ಬೈಸಿಕೊಂಡು ಕಲಿತ ಕೆಲಸ. ಮದುವೆಯ ಮಾರನೇ ದಿನವೇ ಡ್ಯೂಟಿಗೆ ಹೋದೆನೆಂದು ನಿಮ್ಮಮ್ಮ ಇಂದಿಗೂ ಹಲ್ಲು ಕಡಿಯುತ್ತಾಳೆ. ನೀನು ಹುಟ್ಟಿದ ಸುದ್ದಿಯನ್ನು ಯಾರೋ ರಸ್ತೆಬದಿಯಲ್ಲಿ ನಿಂತು ಕೂಗಿ ಹೇಳಿದರು. ಬಸ್ಸಿನ ತುಂಬ ಜನ, ನಿಲ್ಲಿಸುವ ಹಾಗಿಲ್ಲ. ಕೊನೆಯ ಸ್ಟಾಪಿನವರೆಗೂ ಹಾರ್ನ್ ಬಾರಿಸಿಕೊಂಡೇ ಹೋದೆ! ನೀನು ಮೊದಲ ಹೆಜ್ಜೆ ಇಟ್ಟಾಗ ನಾನು ಮನೆಯಲ್ಲಿರಲಿಲ್ಲ, ಮೊದಲ ಮಾತಾಡಿದಾಗಲೂ ಇರಲಿಲ್ಲ. ಆ ಸಂಕಟಕ್ಕೇ ನಿನಗೆ ಶಾಲೆಗೆ ರಜೆ ಬಂದರೆ ಸಾಕು, ಎತ್ತಿಕೊಂಡು ಹೋಗಿ ಇಂಜಿನ್ ಪಕ್ಕದಲ್ಲಿ ಗೋಣಿಚೀಲ ಮಡಿಸಿ ಕೂರಿಸಿಕೊಳ್ಳುತ್ತಿದ್ದೆ. ನಿನಗೆ ಈ ಹುಚ್ಚು ಹಿಡಿದದ್ದು ಅಲ್ಲೇ. ಆದ್ದರಿಂದ ಎಲ್ಲಕ್ಕೂ ನಾನೇ ಕಾರಣ ಎನ್ನುತ್ತಾಳೆ ನಿಮ್ಮಮ್ಮ.

ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಕೂರುವುದೆಂದರೆ ನನಗೆ ಮುಳ್ಳಿನ ಮೇಲೆ ಕೂತ ಹಾಗೆ. ರಿಟೈರಾಗಿ ಇಷ್ಟು ವರ್ಷವಾಯಿತು, ಈಗಲೂ ಆಟೋ ಹತ್ತಿದರೆ ಬಲಗಾಲು ತಾನಾಗಿಯೇ ಬ್ರೇಕ್ ತುಳಿಯುತ್ತದೆ. ಎಂಥ ಹುಲಿಯಂಥ ಡ್ರೈವರೇ ಇರಲಿ, ಎಷ್ಟೇ ದೂರದ ಊರಾಗಲಿ, ದಾರಿಯಲ್ಲಿ ನನಗೆ ಒಂದು ಜೊಂಪು ಹತ್ತಿದ್ದಿಲ್ಲ. ಇಂಥವನು ಹೇಳುತ್ತಿದ್ದೇನೆ, ಕೇಳು.

ಹೊರಡುವ ಮುಂಚೆ ಬಸ್ಸಿನ ಸುತ್ತ ಒಂದು ಸುತ್ತು ಬಂದು ಟೈರಿಗೆ ಒದ್ದು ನೋಡಿದೆಯಲ್ಲ, ಭಲೇ! ಅದೂ ಎಡಗಾಲಿನಲ್ಲಿ, ನನ್ನ ಹಾಗೇ. ಕೋಲೂರಿಕೊಂಡು ಬಂದ ಅಜ್ಜಿ ಹತ್ತಿ, ಸೀಟು ಹಿಡಿದು, ಕೂತು, ಚೀಲ ಮಡಿಲಿಗೆ ಇಟ್ಟುಕೊಳ್ಳುವವರೆಗೆ ನೀನು ಕ್ಲಚ್ ಬಿಡಲಿಲ್ಲ. ಹಿಂದಿನ ಕಾರಿನವನು ಪೀಂ ಪೀಂ ಎಂದು ಬಡಕೊಂಡರೂ ಜಪ್ಪಯ್ಯ ಅಂದರೂ ಕದಲಲಿಲ್ಲ. ಇನ್ನು ಆ ಪೇಟೆಯ ಇಕ್ಕಟ್ಟು! ತರಕಾರಿ ಗಾಡಿಗೂ ನಿಂತ ಲಾರಿಗೂ ನಡುವೆ ಸೂಜಿಗೆ ದಾರ ಪೋಣಿಸಿದ ಹಾಗೆ ತೂರಿಸಿಬಿಟ್ಟೆ. ನಾನು ಚಪ್ಪಾಳೆ ಹೊಡೆಯಲು ಎದ್ದೇಬಿಟ್ಟಿದ್ದೆ, ನಿಮ್ಮಮ್ಮ ಅಂಗಿ ಹಿಡಿದು ಜಗ್ಗಿ ಕೂರಿಸಿದಳು. ಒಂದೇ ಒಂದು ಕೊರತೆ, ಹಿಟ್ಟಿನ ಗಿರಣಿ ಸ್ಟಾಪಿನಲ್ಲಿ ಬ್ರೇಕನ್ನು ತುಸು ಮೊದಲೇ ಒತ್ತಿದೆ. ತಿದ್ದಿಕೋ.

ಆಮೇಲೆ ಆ ಇಳಿಜಾರು. ಅಲ್ಲಂತೂ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಗೇರ್ ಸರಿಯಾಗಿಯೇ ಹಾಕಿದೆ. ತಿರುವಿನಲ್ಲಿ ಸರಿಯಾಗಿಯೇ ತಿರುಗಿಸಿದೆ. ಎಲ್ಲಾ ಸರಿಯಾಗಿತ್ತು. ಇಳಿಜಾರಿನ ವಿಷಯ ಇನ್ನೇನು ಬರೆಯುವುದು. ಕೊನೆಯ ಸ್ಟಾಪಿನಲ್ಲಿ ನಿನ್ನ ಕಂಡಕ್ಟರ್ ನಮ್ಮ ಬಳಿಗೆ ಬಂದು ಬಹಳ ಗೌರವದಿಂದ ಮಾತಾಡಿಸಿದ. ಒಳ್ಳೇ ಮನುಷ್ಯ.

ನಿನ್ನನ್ನು ಮಾತಾಡಿಸದೇ ಬಂದೆವೆಂದು ಮುನಿಸಿಕೊಳ್ಳಬೇಡ. ಕಿಟಕಿಯಿಂದ ನೋಡಿದೆ, ನೀನು ಟೀ ಅಂಗಡಿಯ ಮುಂದೆ ನಿಂತು ಲೋಟ ಹಿಡಿದು ನಗುತ್ತಿದ್ದೆ. ಹತ್ತಿರ ಬಂದಿದ್ದರೆ ನಾನು ನಡುರಸ್ತೆಯಲ್ಲೇ ಅತ್ತುಬಿಡುತ್ತಿದ್ದೆ ಕಣೇ.

ಸ್ಟೇರಿಂಗ್ ಬಿಡಬೇಡ. ಮ್ಯಾನೇಜರಿಗೆ ಹೋಗಿ ಹೇಳು, ಕೌಂಟರಿಗೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ ಎಂದು. ಕೈ ನಡುಗಿದರೆ ನಡುಗಲಿ. ಒಂದು ಕಾಲದಲ್ಲಿ ನನ್ನದೂ ನಡುಗುತ್ತಿತ್ತು, ನಡುಗುತ್ತಲೇ ಓಡಿಸಿದೆ. ಯಾವಾಗ ನಿಂತಿತೋ ನನಗೇ ತಿಳಿಯಲಿಲ್ಲ. ನನ್ನ ಈ ಕಣ್ಣುಗಳ ಮೇಲೆ ನಿನಗೆ ನಂಬಿಕೆಯಿದ್ದರೆ, ಓಡಿಸು!

ಇಂತಿ ನಿನ್ನ ಹಿಂದಿನ ಸೀಟಿನ ಅಜ್ಜ,
ಅಪ್ಪ

ತಾ.ಕ.: ಬುಗುರೀ, ನಾನು ಅಮ್ಮ. ಕವರಿಗೆ ಅಂಟು ಹಚ್ಚು ಅಂತ ಕೊಟ್ಟು ನಿಮ್ಮಪ್ಪ ಗಡ್ಡ ಮಾಡಿಕೊಳ್ಳಲು ಹೋಗಿದ್ದಾರೆ, ಅಷ್ಟರಲ್ಲಿ ಗೀಚುತ್ತಿದ್ದೇನೆ. ಹಿಟ್ಟಿನ ಗಿರಣಿಯವರೆಗೆ ಬರೆದದ್ದೆಲ್ಲ ನಿಜ. ಅಲ್ಲಿಂದಾಚೆ ಇಳಿಜಾರಿನದು ಶುದ್ಧ ಬುರುಡೆ. ಗಿರಣಿ ದಾಟಿದ್ದೇ ತಡ, ನೆಲ ತುಳಿಯುತ್ತಿದ್ದ ಇವರ ಬಲಗಾಲು ಸುಮ್ಮನಾಯಿತು. ಏನಾಯಿತಪ್ಪಾ ಅಂತ ತಿರುಗಿದರೆ ತಲೆ ನನ್ನ ಭುಜದ ಮೇಲೆ, ಗೊರಕೆ! ಇಳಿಜಾರು ಬಂತು, ತಿರುವು ಬಂತು, ಚಿವುಟಿದೆ, ಊಹೂಂ. ಇವರ ಜೊತೆ ಬಾಳಿ ಮುದುಕಿಯಾದೆ, ಬೇರೆಯವರು ಓಡಿಸುವ ಬಸ್ಸಿನಲ್ಲಿ ಇವರು ಕಣ್ಣು ಮುಚ್ಚಿದ್ದು ನಾನು ನೋಡಿಯೇ ಇರಲಿಲ್ಲ. ವಾಪಸ್ಸು ಬರುವಾಗ ಬೇರೆ ಡ್ರೈವರ್. ಮತ್ತೆ ಕೋಲು ನುಂಗಿದವರ ಹಾಗೆ ಸೆಟೆದು ಕೂತು, ಊರು ಬರುವವರೆಗೂ ಬ್ರೇಕ್ ತುಳಿದರು. ನನಗೆ ಗೇರು ಗೀರು ಒಂದೂ ತಿಳಿಯುವುದಿಲ್ಲ ಮಗಳೇ, ಆದರೆ ನಿಮ್ಮಪ್ಪ ಎಂಥವರೆಂದು ಚೆನ್ನಾಗಿ ತಿಳಿಯುತ್ತದೆ. ನಿನ್ನ ಕಂಡಕ್ಟರ್ ಗೌರವದಿಂದ ಮಾತಾಡಿಸಿದ್ದು ಏನು ಗೊತ್ತೇ? ಭುಜ ಅಲ್ಲಾಡಿಸಿ, ಅಜ್ಜಾ ಏಳಿ, ಬಸ್ಸು ಖಾಲಿಯಾಯ್ತು ಅಂದ. ಇವರು ಕಣ್ಣುಜ್ಜಿಕೊಂಡು ಆಚೆ ನೋಡಿ, ಆ ಇಳಿಜಾರು ಇನ್ನೂ ಬರಲಿಲ್ವೇನೇ ಅಂತ ನನ್ನನ್ನು ಕೇಳಿದರು.